ಕೈತಪ್ಪು ತಿದ್ದುತ್ತದೆ, ಅಳತೆ ತಪ್ಪು ತಿದ್ದದು

ಮಾನ್ಯರೇ,

ಕೈಯಲ್ಲಿ ಹಿಡಿದು ನಡೆಸುವ, ಮರ ಕೊರೆಯುವ ಕಂಪ್ಯೂಟರ್ ರೂಟರ್ ಯಂತ್ರದ ವಿಡಿಯೊ ನೋಡಿದವರು ದಾವಣಗೆರೆಯಲ್ಲೂ ‘ಇದೊಂದಿದ್ದರೆ ದೇವರ ಮನೆ ಬಾಗಿಲನ್ನು ನಾವೇ ಕೆತ್ತಿಕೊಳ್ಳಬಹುದಂತೆ, ಹೌದೇ?’ ಎಂದು ಕೇಳತೊಡಗಿದ್ದಾರೆ. ಅರ್ಧ ಹೌದು. ಉಳಿದರ್ಧ ತಿಳಿಯದೆ ಎರಡು ಲಕ್ಷಕ್ಕೂ ಮೀರಿದ ದುಡ್ಡು ಹಾಕುವುದು ಬೇಡ ಎಂದು ಈ ಪತ್ರ.

ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಲೆಕ್ ರಿವರ್ಸ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಮೂಲ; ಈಗ ಸಿಗುವ ‘ಶೇಪರ್ ಒರಿಜಿನ್’ ಅಲ್ಲಿಂದ ಬಂದದ್ದು. ತೂಕ ಆರೂವರೆ ಕೆ.ಜಿ. ಆಸುಪಾಸು. ದಾಳದ ಚುಕ್ಕೆಯಂಥ ಗುರುತುಗಳಿರುವ ಟೇಪನ್ನು ಹಲಗೆಗೆ ಅಂಟಿಸಬೇಕು. ಯಂತ್ರದ ಕ್ಯಾಮೆರಾ ಆ ಗುರುತು ನೋಡಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲಿನ ಗೆರೆ ಹಿಡಿದು ನಾವು ದೂಡುತ್ತಾ ಹೋದರೆ, ಕೈ ಅತ್ತಿತ್ತ ಹೋದಷ್ಟೂ ಒಳಗಿನ ಬಿಟ್ (ತಿರುಗುತ್ತಾ ಮರ ಕೊರೆಯುವ ಅಲಗು) ಸರಿದು ಗೆರೆಯಲ್ಲೇ ಉಳಿಯುತ್ತದೆ. ತಿದ್ದುವ ಶಕ್ತಿ ಸುತ್ತಲೂ ಸುಮಾರು 6 ಮಿ.ಮೀ. ಅಷ್ಟೆ. ಅದನ್ನು ಮೀರಿದರೆ ಬಿಟ್ ತಾನಾಗಿ ಮೇಲೆದ್ದುಬಿಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ: ಯಂತ್ರಕ್ಕೆ ಕಾಣುವುದು ಟೇಪು, ಮರವಲ್ಲ. ಪಕ್ಕದ ಹಲಗೆಗೆ ಟೇಪು ಹಚ್ಚಿ, ಕೊರೆಯುವ ತುಂಡಿಗೆ ಸರಿಯಾಗಿ ಕ್ಲಾಂಪ್ (ಬಿಗಿಹಿಡಿಕೆ) ಹಾಕದೆ ಬಿಟ್ಟರೆ, ತುಂಡು ಒಂದು ಮಿ.ಮೀ. ಜಾರಿದರೂ ಅದಕ್ಕೆ ಗೊತ್ತಾಗದು. ತಪ್ಪು ಜಾಗದಲ್ಲಿ ಬಲು ಚೊಕ್ಕವಾಗಿ ಕೊರೆಯುತ್ತದೆ. ಟೇಪಿನ ಪಟ್ಟಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಸುಮಾರು 8 ಸೆಂ.ಮೀ. ಅಂತರದಲ್ಲಿ ಹಚ್ಚಬೇಕು. ಕ್ಯಾಮೆರಾ ಮುಂದಕ್ಕೆ ನೋಡುವುದರಿಂದ ಕೊರೆಯುವ ಜಾಗದ ಆಚೆಗೂ ಟೇಪು ಇರಬೇಕು. ನಮ್ಮ ಬಯಲುಸೀಮೆಯ ಧೂಳಿನಲ್ಲಿ ಹಲಗೆ ಒರೆಸದೆ ಹಚ್ಚಿದ ಟೇಪು ಅರ್ಧ ಕೆಲಸಕ್ಕೆ ಏಳುತ್ತದೆ. ಮರದ ಹುಡಿ ಗುರುತನ್ನು ಮುಚ್ಚಿದರೆ ಯಂತ್ರ ದಾರಿ ತಪ್ಪುತ್ತದೆ, ಆದ್ದರಿಂದ ಹುಡಿ ಹೀರುವ ವ್ಯಾಕ್ಯೂಮ್ ಜೋಡಿಸದೆ ಶುರು ಮಾಡಲೇಬಾರದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆಯುವಾಗಲಂತೂ ಎನ್95 ಮಾಸ್ಕ್ ಕೂಡ ಬೇಕು.

ಬಾಗಿಲಿಗೆ ಹಿಂಜ್ (ಬಾಗಿಲು ತಿರುಗುವ ಕೀಲು) ಕೂರುವ ಗುಳಿ ತೆಗೆಯುವುದನ್ನೇ ನೋಡಿ. ಬಾಗಿಲಿನ ದಪ್ಪ 32 ಅಥವಾ 35 ಮಿ.ಮೀ.; ಯಂತ್ರದ ತಳ ಅದಕ್ಕಿಂತ ಎಷ್ಟೋ ಅಗಲ. ಅಂಚಿನ ಮೇಲೆ ಹಾಗೇ ಇಟ್ಟರೆ ವಾಲುತ್ತದೆ. ಬಾಗಿಲನ್ನು ಅಂಚು ಮೇಲಾಗಿ ನಿಲ್ಲಿಸಿ, ಎರಡೂ ಬದಿಗೆ ನೇರವಾದ ಹಲಗೆ ಕೊಟ್ಟು, ಮೂರೂ ಒಂದೇ ಮಟ್ಟಕ್ಕೆ ಬರುವಂತೆ ಕ್ಲಾಂಪ್ ಮಾಡಿ, ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ನೋಡಬೇಕು. ಮಟ್ಟ ತಪ್ಪಿದ್ದರೆ ಆಳವೂ ಕೆಡುತ್ತದೆ, ಜಾಗವೂ ಸರಿಯುತ್ತದೆ. ಹಿಂಜ್ ಪಟ್ಟಿಯ ದಪ್ಪವನ್ನು ವರ್ನಿಯರ್‌ನಲ್ಲಿ (ಮಿ.ಮೀ.ನ ಭಾಗವನ್ನೂ ಅಳೆಯುವ ಸಾಧನ) ಅಳೆದು ಆಳ ಕೊಡಿ. ಬಿಟ್‌ನ ಅಳತೆಯನ್ನೂ ಅದರಲ್ಲೇ ನೋಡಿ: ಸಾಣೆ ಹಿಡಿಸಿದ 6 ಮಿ.ಮೀ. ಬಿಟ್ ನಿಜದಲ್ಲಿ 5.9 ಇದ್ದೀತು. ಯಂತ್ರಕ್ಕೆ 6 ಎಂದೇ ಹೇಳಿದರೆ ಗುಳಿ 0.1 ಮಿ.ಮೀ. ಕಿರಿದಾಗಿ ಹಿಂಜ್ ಕೂರದು. ಗುಳಿಯ ಮೂಲೆ 3 ಮಿ.ಮೀ. ತ್ರಿಜ್ಯದಲ್ಲಿ ಗುಂಡಾಗಿಯೇ ಉಳಿಯುತ್ತದೆ. ಚೌಕ ಹಿಂಜ್ ಆದರೆ ಉಳಿ ಹಿಡಿಯಲೇಬೇಕು.

ಕೊಲೆಟ್ (ಬಿಟ್‌ನ ಹಿಡಿಯನ್ನು ಬಿಗಿಯುವ ಭಾಗ) ವಿಷಯದಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಗೊಂದಲವಿದೆ. ‘ಕಾಲು ಇಂಚು’ ಎಂದು ಕೊಡುವ ಬಿಟ್‌ನ ಹಿಡಿ 6.35 ಮಿ.ಮೀ. ಇರಬಹುದು, ಬರೀ 6 ಇರಬಹುದು. 6ರ ಹಿಡಿಯನ್ನು 6.35ರ ಕೊಲೆಟ್‌ಗೆ ಹಾಕಿ ಎಷ್ಟು ಬಿಗಿದರೂ ಓಡುವಾಗ ಬಿಟ್ ಕೆಳಗೆ ಜಾರುತ್ತದೆ, ಗುಳಿ ಕೊನೆಕೊನೆಗೆ ಆಳವಾಗುತ್ತದೆ. ಜನ ಯಂತ್ರವನ್ನು ಬೈಯುತ್ತಾರೆ.

18 ಮಿ.ಮೀ. ಪ್ಲೈವುಡ್ ಅನ್ನು ಒಂದೇ ಸಲಕ್ಕೆ ಕತ್ತರಿಸುವ ಆಸೆ ಬೇಡ. 6 ಮಿ.ಮೀ. ಬಿಟ್‌ಗೆ ಸಲಕ್ಕೆ 4ರಿಂದ 6 ಮಿ.ಮೀ., ತೇಗಕ್ಕೆ ಇನ್ನೂ ಕಡಿಮೆ. ತೇಗದೊಳಗಿನ ಸಿಲಿಕಾ ಬಿಟ್‌ನ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮೊದಲ ಸುತ್ತುಗಳಲ್ಲಿ ಗೆರೆಯಿಂದ 0.3 ಮಿ.ಮೀ. ಹೊರಗೆ ನಿಂತು, ಕೊನೆಯ ಸುತ್ತಿಗೆ ಮಾತ್ರ ಗೆರೆಗೆ ಬಂದರೆ ಅಂಚು ನುಣುಪು. ಹೊರ ಅಂಚನ್ನು ಅಪ್ರದಕ್ಷಿಣವಾಗಿ, ಒಳಗಿನ ರಂಧ್ರವನ್ನು ಪ್ರದಕ್ಷಿಣವಾಗಿ ಕತ್ತರಿಸಿ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರೆ ಬಿಟ್ ಯಂತ್ರವನ್ನೇ ಎಳೆದುಕೊಂಡು ಓಡುತ್ತದೆ. ಬಿಟ್ ಬದಲಿಸಿದಾಗಲೆಲ್ಲ ತುದಿಯನ್ನು ಹಲಗೆಗೆ ಮುಟ್ಟಿಸಿ ಆಳದ ಸೊನ್ನೆಯನ್ನು ಹೊಸದಾಗಿ ಹಿಡಿಯಬೇಕು.

ಮನೆಯ ಹೆಸರಿನ ಫಲಕಕ್ಕಂತೂ ಇನ್ನೊಂದು ತೊಡಕು. ಯಂತ್ರ ಓದುವುದು ಎಸ್‌ವಿಜಿ ಕಡತವನ್ನು, ಅಂದರೆ ಗೆರೆಗಳಾಗಿ ಉಳಿಸಿದ ಚಿತ್ರವನ್ನು. ‘ಶ್ರೀ ಲಕ್ಷ್ಮೀ ನಿಲಯ’ ಎಂದು ಟೈಪಿಸಿ ಹಾಗೇ ಕಳಿಸಿದರೆ ಆಗದು. ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ, ಅಕ್ಷರಕ್ಕೆ ತಾಗಿದ ಒತ್ತನ್ನು ಅದರೊಂದಿಗೆ ಬೆಸೆಯಬೇಕು. ಇಲ್ಲವಾದರೆ ಒತ್ತು ಕೂಡುವ ಕಡೆ ಅಡ್ಡ ಗೆರೆಯೊಂದು ಕೊರೆದುಬರುತ್ತದೆ. ‘ಕ್ಷ್ಮೀ’ಯ ಒತ್ತಿನ ಸಂದು 2 ಮಿ.ಮೀ. ಇದ್ದರೆ 3 ಮಿ.ಮೀ. ಬಿಟ್ ಅಲ್ಲಿಗೆ ಇಳಿಯದು, ಆ ಸಂದು ಮುಚ್ಚಿಯೇ ಉಳಿಯುತ್ತದೆ. ಅಕ್ಷರ ದೊಡ್ಡದು ಮಾಡಿ, ಇಲ್ಲವೇ ವಿ ಆಕಾರದ ಬಿಟ್‌ನಲ್ಲಿ ಕೆತ್ತಿ. ಇಂಥ ಕಡತ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶದ ಹಳೆಯ ಆವೃತ್ತಿ ಒಂದು ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು, 0.92ನೇ ಆವೃತ್ತಿಯಿಂದ 96. ಹಳೆಯ ಕಡತದ 100 ಮಿ.ಮೀ. ಹೊಸ ಲೆಕ್ಕದಲ್ಲಿ 93.75ಕ್ಕೆ ಇಳಿಯಬಹುದು. ಕೊರೆಯುವ ಮೊದಲು ಪರದೆಯ ಮೇಲೆ ಅಗಲ ನೋಡಿಕೊಳ್ಳಿ.

ದೇವರ ಮನೆಯ ಜಾಲರಿ ಬಾಗಿಲಿಗೆ ಇದನ್ನು ಕೊಳ್ಳುವುದು ದಂಡ. ಎಂಟು-ನಾಲ್ಕು ಅಡಿಯ ಹಾಳೆಯನ್ನು ಸಿಎನ್‌ಸಿ ಮೇಜಿರುವ (ಕಂಪ್ಯೂಟರೇ ನಡೆಸುವ ದೊಡ್ಡ ಕೊರೆಯುವ ಯಂತ್ರವಿರುವ) ಅಂಗಡಿಗೆ ಕೊಟ್ಟರೆ ಬೇಗನೂ ಆಗುತ್ತದೆ, ಅಗ್ಗವೂ ಹೌದು. ಈ ಯಂತ್ರ ಸಲ್ಲುವುದು ಹೊತ್ತೊಯ್ಯಲಾಗದ ಕೆಲಸಕ್ಕೆ: ಆಗಲೇ ಕೂರಿಸಿದ ಚೌಕಟ್ಟು, ಅಡುಗೆ ಮನೆಯ ಮರದ ಕಟ್ಟೆ, ಮೆಟ್ಟಿಲು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಸಲಕರಣೆಗೆಂದು ಸಿಗುವುದು 15,000 ರೂಪಾಯಿ. ಅದರಲ್ಲಿ ಈ ಯಂತ್ರದ ಮಾತೇ ಇಲ್ಲ. ಆದರೆ ಅಷ್ಟು ದುಡ್ಡಿಗೆ ಒಂದು ಟ್ರಿಮ್ ರೂಟರ್ (ಸಣ್ಣ ಸಾದಾ ರೂಟರ್), ಅಚ್ಚಿನ ಅಂಚು ಹಿಡಿದು ಓಡುವ ಬೇರಿಂಗ್ ಇರುವ ಬಿಟ್, ನಾಲ್ಕು ಒಳ್ಳೆಯ ಕ್ಲಾಂಪ್ ಬರುತ್ತವೆ. 12 ಮಿ.ಮೀ. ಎಂಡಿಎಫ್‌ನಲ್ಲಿ ಹಿಂಜ್ ಅಚ್ಚನ್ನು ಒಮ್ಮೆ ಸರಿಯಾಗಿ ಮಾಡಿಕೊಂಡರೆ ಅದೇ ಗುಳಿಯನ್ನು ನೂರು ಬಾಗಿಲಿಗೆ ತೆಗೆಯಬಹುದು. ಲಕ್ಷಗಳ ಯಂತ್ರವನ್ನು ಜಿಲ್ಲೆಯ ಸರ್ಕಾರಿ ಐಟಿಐ ಒಂದರಲ್ಲಿ ಇಟ್ಟು ಗಂಟೆ ಲೆಕ್ಕದಲ್ಲಿ ಬಳಸಲು ಕೊಡುವ ಬಗ್ಗೆ ಸಂಬಂಧಪಟ್ಟವರು ಯೋಚಿಸಲಿ. ಟೇಪು, ಬಿಟ್‌ನ ಖರ್ಚು ಬಳಸಿದವರದ್ದೇ ಇರಲಿ.

— ಮರಗೆಲಸದ ಆಸಕ್ತರು, ದಾವಣಗೆರೆ