ಎಚ್‌ಡಿಪಿಇ ಅಂತ ಕಳಿಸಿದ ಶೀಟ್ ನೀರಿನಲ್ಲಿ ಮುಳುಗಿದೆ

ಗೆ,
ದೂರು ವಿಭಾಗದ ಅಧಿಕಾರಿಗಳು

ವಿಷಯ: ರೆಸಿನ್ ಅಚ್ಚಿಗಾಗಿ ನಿಮ್ಮಿಂದ ಕೊಂಡ ಬಿಳಿ ಶೀಟ್ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಅಲ್ಲದಿರುವ ಬಗ್ಗೆ.

ಮಾನ್ಯರೇ,

ನಾನು ವಿರಾಜಪೇಟೆ ಹತ್ತಿರದ ಹಳ್ಳಿಯವನು. ತೋಟದಲ್ಲಿ ಕಿತ್ತು ಹಾಕಿದ ಹಳೆ ಕಾಫಿ ಗಿಡಗಳ ಬೊಡ್ಡೆ ತಂದು, ಒಣಗಿಸಿ, ಅದರ ಸಂದುಗಳಿಗೆ ಬಣ್ಣದ ಎಪಾಕ್ಸಿ ರೆಸಿನ್ (ಹಾರ್ಡ್ನರ್ ಬೆರೆಸಿದರೆ ಗಟ್ಟಿಯಾಗುವ ಅಂಟು ದ್ರವ) ಸುರಿಯುತ್ತೇನೆ. ಗಟ್ಟಿಯಾದ ಮೇಲೆ ಲೇಥ್‌ನಲ್ಲಿ ಕಡೆದು ಪೆನ್ನು ಮಾಡುತ್ತೇನೆ. ಅಚ್ಚುಗಳನ್ನೂ ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ.

ಹೊಸ ಅಚ್ಚಿಗೆ ಅಂತ ನಿಮ್ಮಲ್ಲಿ 12 ಮಿ.ಮೀ. ದಪ್ಪದ ಶೀಟ್ ಆರ್ಡರ್ ಮಾಡಿದೆ. 1,850 ರೂಪಾಯಿ ಕೊಟ್ಟೆ. ‘ಅಪ್ಪಟ ಎಚ್‌ಡಿಪಿಇ, ಎಪಾಕ್ಸಿ ಅಂಟುವುದಿಲ್ಲ, ವ್ಯಾಕ್ಸ್ ಬೇಡ’ ಅಂತ ನೀವೇ ಬರೆದಿದ್ದಿರಿ. ವ್ಯಾಕ್ಸ್ ಅಂದರೆ ರೆಸಿನ್ ಅಂಟದಿರಲಿ ಅಂತ ಅಚ್ಚಿಗೆ ಸವರುವ ಮೇಣ. ಎಚ್‌ಡಿಪಿಇ ಆಗಿದ್ದರೆ ಆ ಮಾತು ನಿಜವೇ. ಅದರ ಮೈ ಮೇಣದ ಹಾಗೆ ಜಾರುತ್ತದೆ, ಎಪಾಕ್ಸಿ ಹಿಡಿಯುವುದಿಲ್ಲ. ಅದಕ್ಕೇ ಅದನ್ನು ಆರಿಸಿಕೊಂಡೆ.

ಎಂಟು ಗುಂಡಿಗಳ ಅಚ್ಚು ಮಾಡಿದೆ. ಪಕ್ಕದ ಪಟ್ಟಿಗಳಿಗೆಲ್ಲ ಸ್ಕ್ರೂ ಹಾಕಿದ್ದೆ, ಬಿಚ್ಚಿದರೆ ಬ್ಲ್ಯಾಂಕ್, ಅಂದರೆ ಪೆನ್ನು ಕಡೆಯುವ ತುಂಡು, ತಾನಾಗಿ ಕೈಗೆ ಬರಬೇಕು. ರೆಸಿನ್ ಮತ್ತು ಹಾರ್ಡ್ನರನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಬೆರೆಸಿದೆ. ಮೂರು ದಿನ ಮುಟ್ಟಲಿಲ್ಲ. ನಾಲ್ಕನೇ ದಿನ ಸ್ಕ್ರೂ ಬಿಚ್ಚಿದೆ. ಪಟ್ಟಿ ಅಲುಗಲೇ ಇಲ್ಲ. ಸಂದಿಗೆ ಅಗಲದ ಉಳಿ ಇಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಟಕ್ ಅಂತ ಸದ್ದು ಬಂತು. ಬಿಟ್ಟುಕೊಂಡಿದ್ದು ಅಚ್ಚಲ್ಲ, ರೆಸಿನ್ನಿನ ಮೂಲೆ. ಎರಡನೇ ಏಟಿಗೆ ಒಳಗಿನ ಕಾಫಿ ಮರ ನಾರಿನುದ್ದಕ್ಕೂ ಸೀಳಿತು. ಉಳಿ ಹೆರೆದ ಕಡೆ ನಿಮ್ಮ ಶೀಟಿನ ಬಿಳಿ ಚೂರು ರೆಸಿನ್ನಿಗೆ ಕಚ್ಚಿಕೊಂಡೇ ಬಂತು. ಎಂಟರಲ್ಲಿ ಒಂದೂ ಸರಿಯಾಗಿ ಹೊರಗೆ ಬರಲಿಲ್ಲ.

ಫೋನ್ ಮಾಡಿದಾಗ ನಿಮ್ಮವರು ‘ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ ಸರ್, ತೇವಕ್ಕೆ ಹಾಗಾಗಿದೆ. ಇಲ್ಲಾ ನೀವು ಬೆರೆಸಿದ್ದು ತಪ್ಪಿರಬೇಕು’ ಅಂದರು. ನನಗೆ ಬೇಜಾರಾಗಿದ್ದು ಇಲ್ಲಿ. ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಕಟ್ಟಬಹುದು, ಅದು ನನಗೂ ಗೊತ್ತು. ಆದರೆ ಅದೇ ದಿನ, ಅದೇ ಡಬ್ಬದ ಮಿಶ್ರಣದಲ್ಲಿ ಉಳಿದಿದ್ದನ್ನು ನನ್ನ ಹಳೆ ಅಚ್ಚಿಗೂ ಸುರಿದಿದ್ದೆ. ಅದು ಅಡುಗೆಮನೆಯ ತರಕಾರಿ ಹೆಚ್ಚುವ ಎಚ್‌ಡಿಪಿಇ ಹಲಗೆ ಕೊಯ್ದು ಮಾಡಿದ್ದು. ಅದಕ್ಕೂ ವ್ಯಾಕ್ಸ್ ಹಾಕಿರಲಿಲ್ಲ. ಆ ಬ್ಲ್ಯಾಂಕ್‌ಗಳು ಅಚ್ಚನ್ನು ಮಗುಚಿ ಒಮ್ಮೆ ತಟ್ಟಿದ್ದಕ್ಕೇ ಉದುರಿದವು. ಮೈ ಕನ್ನಡಿಯ ಹಾಗೆ ನುಣ್ಣಗಿತ್ತು. ಮಳೆ ಎರಡು ಅಚ್ಚಿಗೂ ಒಂದೇ ತಾನೆ?

ಆಮೇಲೆ ಎರಡು ಪರೀಕ್ಷೆ ಮಾಡಿದೆ. ನಿಮ್ಮ ಶೀಟಿನ ಒಂದು ತುಂಡನ್ನೂ ಹಳೆ ಹಲಗೆಯ ಒಂದು ತುಂಡನ್ನೂ ಬಕೆಟ್ ನೀರಿಗೆ ಹಾಕಿದೆ. ಎಚ್‌ಡಿಪಿಇ ಸಾಂದ್ರತೆ ಸುಮಾರು 0.95, ನೀರಿಗಿಂತ ಹಗುರ, ತೇಲಬೇಕು. ಹಲಗೆ ತೇಲಿತು. ನಿಮ್ಮ ಶೀಟ್ ನೇರ ತಳಕ್ಕೆ ಹೋಯಿತು. ಎರಡನೆಯದು ನಮ್ಮೂರಿನ ಪ್ಲಂಬರ್ ಹೇಳಿಕೊಟ್ಟಿದ್ದು. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವ ತೋಟದವರಿಗೆಲ್ಲ ಗೊತ್ತು, ಕರಿ ಎಚ್‌ಡಿಪಿಇ ಪೈಪಿಗೆ ಪಿವಿಸಿ ಗಮ್ ಹಿಡಿಯುವುದಿಲ್ಲ. ಅದೇ ಗಮ್ಮನ್ನು ಎರಡೂ ತುಂಡಿಗೆ ಹಚ್ಚಿ ಒಂದು ರಾತ್ರಿ ಬಿಟ್ಟೆ. ಹಲಗೆಯ ಮೇಲಿನದು ಉಗುರಿಗೇ ಎದ್ದು ಬಂತು. ನಿಮ್ಮ ಶೀಟಿನ ಮೇಲಿನದು ಚಾಕುವಿಗೂ ಏಳಲಿಲ್ಲ. ನೀವು ಕಳಿಸಿದ್ದು ಪಿವಿಸಿ ಅಂತ ನನಗೆ ಅನಿಸುತ್ತದೆ. ಏನೇ ಇರಲಿ, ಎಚ್‌ಡಿಪಿಇ ಅಂತೂ ಅಲ್ಲ. ಎರಡು ಪರೀಕ್ಷೆಯ ವಿಡಿಯೊ, ಬಿಲ್ಲು, ಒಡೆದ ಬ್ಲ್ಯಾಂಕ್‌ಗಳ ಫೋಟೊ ಜೊತೆಗಿಟ್ಟಿದ್ದೇನೆ.

ಆ ಎಂಟು ತುಂಡು ಮರ ಎಲ್ಲಿಯದು ಅಂತಲೂ ನಿಮಗೆ ಗೊತ್ತಿರಲಿ. ಪಕ್ಕದ ಊರಿನ ಒಂದು ಮನೆಯವರು ಅವರ ಅಜ್ಜ ನೆಟ್ಟ ರೋಬಸ್ಟಾ ಗಿಡಗಳನ್ನು ಈ ವರ್ಷ ಕಿತ್ತರು. ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಸೇರುವಾಗ ಮೊಮ್ಮಕ್ಕಳಿಗೆ ಒಂದೊಂದು ಪೆನ್ನು ಕೊಡಬೇಕು ಅಂತ ಬೊಡ್ಡೆ ತಂದುಕೊಟ್ಟರು. ಉಳಿದಿದ್ದೆಲ್ಲ ಸೌದೆಯಾಗಿ ಹೋಗಿದೆ. ನನ್ನ ಹತ್ತಿರ ಈಗ ಮೂರು ಪೆನ್ನಿಗಾಗುವಷ್ಟು ಮಾತ್ರ ಇದೆ. ಆ ಮನೆಯ ಹಿರಿಯರಿಗೆ ಇದನ್ನು ಹೇಳುವಾಗ ನನಗೆ ಮುಖ ಎತ್ತಲು ಆಗಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಸೀಳಿದ ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿ, ಹಾಗೇ ಮೇಜಿನ ಮೇಲಿಟ್ಟರು.

ನೀವು ಮಾಡಬೇಕಾದ್ದು ಇಷ್ಟು. ಶೀಟಿನ 1,850 ರೂಪಾಯಿ ಮತ್ತು ಹಾಳಾದ ರೆಸಿನ್ನಿನ 720 ರೂಪಾಯಿ ವಾಪಸ್ ಕೊಡಿ. ಅದೇ ಲಾಟಿನ ಶೀಟ್ ಕೊಂಡ ಬೇರೆಯವರಿಗೂ ತಿಳಿಸಿ, ಯಾಕೆಂದರೆ ಅವರೂ ಸುಮ್ನೆ ತಮ್ಮ ಕೈಕೆಲಸವನ್ನೇ ಬೈದುಕೊಳ್ಳುತ್ತಿರುತ್ತಾರೆ. ನಾನೂ ಎರಡು ದಿನ ಹಾಗೇ ಬೈದುಕೊಂಡೆ. ಸ್ಟಾಕ್ ಪರೀಕ್ಷಿಸುವ ತನಕ ಆ ಶೀಟ್ ಮಾರುವುದನ್ನು ನಿಲ್ಲಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಶೀಟಿನ ಉಳಿದ ಭಾಗವನ್ನು ಎಸೆದಿಲ್ಲ. ನಿಮ್ಮವರು ಯಾರು ಬಂದರೂ ಅವರೆದುರೇ ಬಕೆಟ್‌ಗೆ ಹಾಕಿ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ವಿರಾಜಪೇಟೆ ತಾಲ್ಲೂಕು, ಕೊಡಗು