ಲೈನಿನ ನೂರು, ಡಿಸ್ಕಿನ ನೂರು

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ 80 ಜಿಬಿ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಹೊಸ ಕಂಪ್ಯೂಟರಿಗೆ ಕಾಪಿ ಮಾಡಬೇಕು, ನೆಟ್‌ವರ್ಕಿನ ಲೈನೂ 100, ಡಿಸ್ಕೂ ಎಟಿಎ/100 (ಸೆಕೆಂಡಿಗೆ ನೂರರ ಹಳೇ ಡಿಸ್ಕ್ ಜೋಡಣೆ), ಕಾಲು ಗಂಟೆಯಲ್ಲಿ ಮುಗಿಯಬೇಕಲ್ವಾ ಅಂತ ಕೇಳಿದ್ದೀಯ. ಮುಗಿಯೋದಿಲ್ಲ ಕಣೇ. ನೆಟ್‌ವರ್ಕಿನವರು ಎಣಿಸೋದು ಬಿಟ್, ಡಿಸ್ಕಿನವರು ಎಣಿಸೋದು ಬೈಟ್. 8 ಬಿಟ್ ಸೇರಿದರೆ ಒಂದು ಬೈಟ್. ನಿನ್ನ ಲೈನಿನ 100 ಮೆಗಾಬಿಟ್ಟನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಡಿಸ್ಕಿನ ನೂರು ಮೆಗಾಬೈಟನ್ನು ಲೈನಿನ ಲೆಕ್ಕಕ್ಕೆ ತಂದರೆ 800 ಮೆಗಾಬಿಟ್. ಎಂಟು ಪಟ್ಟು ವ್ಯತ್ಯಾಸ.

ಆ 12.5 ಕೂಡ ಪೂರ್ತಿ ಕೈಗೆ ಬರೋದಿಲ್ಲ. ಈಥರ್ನೆಟ್‌ನ ದೊಡ್ಡ ಫ್ರೇಮೊಂದು, ಅಂದರೆ ಡೇಟಾದ ಒಂದು ಕಂತು, ಲೈನಿನ ಮೇಲೆ 1538 ಬೈಟಿನಷ್ಟು ಜಾಗ ಹಿಡಿಯುತ್ತೆ. ಪ್ರಿಯಾಂಬಲ್ (ಶುರುವಿನ ಸೂಚನೆ), ಹೆಡರುಗಳು (ವಿಳಾಸದ ಭಾಗ), ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ), ಎರಡು ಫ್ರೇಮುಗಳ ನಡುವಿನ ಬಿಡುವು ಎಲ್ಲ ಕಳೆದರೆ ಫೈಲಿನ ಪಾಲಿಗೆ ಉಳಿಯೋದು 1460. ಹಾಗಾಗಿ 100ರ ಲೈನಿಗೆ ಸೆಕೆಂಡಿಗೆ 11.8 ಮೆಗಾಬೈಟ್, ಅದರ ಹತ್ತು ಪಟ್ಟಿನ ಗಿಗಾಬಿಟ್ ಲೈನಿಗೆ 118 ಅಂತ ಇಟ್ಟುಕೋ. ಹೊಸ ವಿಂಡೋಸಿನ ಕಾಪಿ ಕಿಟಕಿ 1024ರ ಲೆಕ್ಕದಲ್ಲಿ ಭಾಗಿಸುವುದರಿಂದ ಅಲ್ಲಿ 11.3, 113 ಅಂತ ಕಾಣುತ್ತೆ. ಏನೋ ಸೋರಿಹೋಯಿತು ಅಂತ ಕೇಬಲ್ ಬದಲಾಯಿಸಲು ಹೋಗಬೇಡ.

ಇನ್ನು ಐಡಿಇ, ಅಂದರೆ ನಿನ್ನ ಎಟಿಎ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಪದ್ಧತಿಯ ಕಡೆಯ ಅಂಕಿಗಳು. ಅದರ ಮೋಡುಗಳು ಎರಡು ಬಗೆ: ಪಿಐಒದಲ್ಲಿ ಡೇಟಾವನ್ನು ಪ್ರೊಸೆಸರೇ ಹೊರುತ್ತೆ, ಯುಡಿಎಂಎದಲ್ಲಿ ಅದು ನೇರವಾಗಿ ಮೆಮೊರಿಗೆ ಹೋಗುತ್ತೆ. ಇವನ್ನು ಬಾಯಿಪಾಠ ಮಾಡಬೇಕಿಲ್ಲ. ರಿಬ್ಬನ್ ಕೇಬಲಿನಲ್ಲಿ ಡೇಟಾ ಲೈನು 16, ಅಂದರೆ ಒಂದು ಸಲಕ್ಕೆ 2 ಬೈಟ್. ಪಿಐಒ ಮೋಡ್ 0ರಲ್ಲಿ ಒಂದು ಸಲಕ್ಕೆ 600 ನ್ಯಾನೋಸೆಕೆಂಡ್, ಹಾಗಾಗಿ ಸೆಕೆಂಡಿಗೆ 3.3 ಮೆಗಾಬೈಟ್. ಪಿಐಒ 4ರಲ್ಲಿ 120, ಹಾಗಾಗಿ 16.7. ಯುಡಿಎಂಎ 2ಕ್ಕೆ 60, ಅದು 33. ಯುಡಿಎಂಎ 4ಕ್ಕೆ 30, ಅದು 66. ಯುಡಿಎಂಎ 5ಕ್ಕೆ 20, ಅದೇ ನಿನ್ನ ಎಟಿಎ/100. ಯುಡಿಎಂಎ 6ಕ್ಕೆ 15, ಅದು 133. ಈಗ ಲೈನನ್ನು ಪಕ್ಕದಲ್ಲಿಟ್ಟು ನೋಡು: 100 ಮೆಗಾಬಿಟ್ ಬಂದು ಕೂರೋದು 11.1ರ ಪಿಐಒ 3ಕ್ಕೂ 16.7ರ ಪಿಐಒ 4ಕ್ಕೂ ನಡುವೆ. ಗಿಗಾಬಿಟ್ ಕೂರೋದು ಯುಡಿಎಂಎ 5 ಮತ್ತು 6ರ ನಡುವೆ. ನೀನು ಸರಿಸಮ ಅಂದುಕೊಂಡ ಲೈನಿನ ಜಾಗ ಪಿಐಒ ಕಾಲದ್ದು.

ಐಡಿಇ ನಂತರದ ಜೋಡಣೆಯಾದ ಸಾಟಾ ಬಂದಾಗ ಮಾತ್ರ ಎಂಟರ ಭಾಗಾಕಾರ ಕೈಕೊಡುತ್ತೆ. ಅಲ್ಲಿ ಪ್ರತಿ 8 ಬಿಟ್ಟನ್ನು 10 ಬಿಟ್ ಮಾಡಿ ಕಳಿಸುತ್ತಾರೆ. 1.5 ಗಿಗಾಬಿಟ್ಟನ್ನು 10ರಿಂದ ಭಾಗಿಸು, 150 ಬರುತ್ತೆ. 187 ಅಂತ ಬರೆದವರನ್ನು ನಂಬಬೇಡ.

ಇಷ್ಟೆಲ್ಲ ಬರೀ ದಾರಿಯ ಅಗಲ. ಆ ಕಾಲದ 7200 ಆರ್‌ಪಿಎಂ ಡಿಸ್ಕಿನ ಪ್ಲ್ಯಾಟರಿನಿಂದ (ಒಳಗೆ ತಿರುಗುವ ತಟ್ಟೆಯಿಂದ) ಹೊರ ಅಂಚಿನಲ್ಲಿ ಬರೋದೇ 40ರಿಂದ 60 ಮೆಗಾಬೈಟ್, ಒಳ ಅಂಚಿಗೆ ಹೋದರೆ ಸುಮಾರು ಅದರರ್ಧ. ಎಟಿಎ/133 ಅಂತ ಡಿಸ್ಕಿನ ಮೇಲೆ ಅಂಟಿಸಿದ್ದು ಹೆಚ್ಚಾಗಿ ಮಾರಾಟಕ್ಕೆ.

ಕಾಪಿ ಶುರು ಮಾಡುವ ಮುಂಚೆ ಒಂದನ್ನು ತಪ್ಪದೇ ನೋಡು. ಎಕ್ಸ್‌ಪಿಗೆ ಡಿಸ್ಕಿನಿಂದ ಆರು ಸಲ ಸಿಆರ್‌ಸಿ (ಡೇಟಾ ಕೆಟ್ಟು ಬಂದ) ಅಥವಾ ಟೈಮ್‌ಔಟ್ (ಸಮಯಕ್ಕೆ ಉತ್ತರ ಬಾರದ) ದೋಷ ಬಂದರೆ ಅದು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಕೊನೆಗೆ ಪಿಐಒಗೆ ತಂದು ನಿಲ್ಲಿಸುತ್ತೆ, ನಿನಗೆ ಹೇಳೋದೂ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಪ್ರೈಮರಿ ಐಡಿಇ ಚಾನೆಲ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಕರೆಂಟ್ ಟ್ರಾನ್ಸ್‌ಫರ್ ಮೋಡ್ ಏನಿದೆ ಓದು. ಅಲ್ಲಿ ಪಿಐಒ ಅಂತಿದ್ದರೆ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡು, ವಿಂಡೋಸ್ ತಾನೇ ಹೊಸದಾಗಿ ಗುರುತಿಸುತ್ತೆ. ಮತ್ತೆ ಇಳಿದರೆ ತಪ್ಪು ಕೇಬಲಿನದು ಅಥವಾ ಡಿಸ್ಕಿನದು. 33ಕ್ಕಿಂತ ಮೇಲಿನ ಮೋಡಿಗೆ 80 ಎಳೆಯ ಕೇಬಲ್ ಬೇಕು. ಪಿನ್ನು 40ಯೇ, ಹೆಚ್ಚಿನ 40 ಎಳೆ ಗ್ರೌಂಡಿಗೆ, ಪಕ್ಕದ ಸಿಗ್ನಲ್ ಒಂದಕ್ಕೊಂದು ತಾಗದಿರಲಿ ಅಂತ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ (ಕೇಬಲಿನ ಮೊದಲ ಡಿಸ್ಕಿಗೆ), ನಡುವಿನ ಬೂದು ಸ್ಲೇವಿಗೆ (ಎರಡನೆಯದಕ್ಕೆ). ಉದ್ದ 18 ಇಂಚು ದಾಟಬಾರದು. ಎಳೆ ದಪ್ಪಗಿದ್ದು ಬಿಡಿಬಿಡಿಯಾಗಿ ಎಣಿಸುವಂತಿದ್ದರೆ ಅದು ಹಳೇ 40ರದ್ದು, ತೆಗೆದಿಡು.

ಗಿಗಾಬಿಟ್ ಕಾರ್ಡ್ ಹಾಕಿಸಲೇ ಅಂದಿದ್ದೀಯ. ಆ ಬೋರ್ಡಿನ ಪಿಸಿಐ ಬಸ್ಸಿನ, ಅಂದರೆ ಕಾರ್ಡುಗಳು ಹಂಚಿಕೊಳ್ಳುವ ದಾರಿಯ, ಒಟ್ಟು ಸಾಮರ್ಥ್ಯವೇ ಸೆಕೆಂಡಿಗೆ 133 ಮೆಗಾಬೈಟ್, ಅದೂ ಎಲ್ಲ ಕಾರ್ಡುಗಳಿಗೂ ಸೇರಿ. ಕಾರ್ಡು ಪೂರ್ತಿ ವೇಗಕ್ಕೆ ಹೋಗೋದಿಲ್ಲ, ಆದರೆ ಡಿಸ್ಕು ಕೊಡುವ 45ನ್ನು ಸಾಗಿಸೋಕೆ ಸಾಕು. ಲೆಕ್ಕ ಹೀಗೆ: 80,000 ಮೆಗಾಬೈಟನ್ನು 11.8ರಿಂದ ಭಾಗಿಸಿದರೆ 6,780 ಸೆಕೆಂಡ್, ಎರಡು ಗಂಟೆಗೆ ಸ್ವಲ್ಪ ಕಡಿಮೆ. 45ರಿಂದಾದರೆ ಅರ್ಧ ಗಂಟೆ. ಡಿಸ್ಕನ್ನೇ ಬಿಚ್ಚಿ ಐಡಿಇ–ಯುಎಸ್‌ಬಿ ಅಡಾಪ್ಟರಿಗೆ ಹಾಕಿದರೆ, ಯುಎಸ್‌ಬಿ 2.0 ಕಾಗದದ ಮೇಲೆ 60 ಆದರೂ ಸಿಗೋದು 30ರ ಆಸುಪಾಸು, ಮುಕ್ಕಾಲು ಗಂಟೆ. ಒಂದೇ ಸಲದ ಕೆಲಸಕ್ಕೆ ನಾನಾದರೆ ಅಡಾಪ್ಟರನ್ನೇ ಹಿಡಿಯುತ್ತೇನೆ. ಡಿಸ್ಕಿನ ಹಿಂದಿನ ಪಿನ್ನುಗಳ ಮೇಲಿನ ಪುಟ್ಟ ಜಂಪರ್ ಮಾಸ್ಟರಿಗಿರಲಿ.

ಸಾವಿರಾರು ಚಿಕ್ಕ ಫೋಟೋ ಇದ್ದರೆ ಈ ಲೆಕ್ಕ ಯಾವುದೂ ನಿಲ್ಲೋದಿಲ್ಲ. ಒಂದೊಂದು ಫೈಲಿಗೂ ಹೆಡ್ಡು ಓಡಾಡಬೇಕಲ್ಲ. ಫೈಲು ಫೈಲಾಗಿ ಎಳೆಯದೆ ಇಡೀ ಡಿಸ್ಕಿನ ಇಮೇಜ್ ತೆಗೆ, ಅಂದರೆ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಒಂದೇ ಫೈಲಾಗಿ ನಕಲು ಮಾಡು. ಹಳೇ ಡಿಸ್ಕಿಗೂ ಶ್ರಮ ಕಡಿಮೆ. ಟಕ್ ಟಕ್ ಸದ್ದು ಬಂತೋ, ವೇಗದ ಯೋಚನೆ ಬಿಟ್ಟು ಅಲ್ಲೇ ಪವರ್ ತೆಗೆದು ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ