ಇನ್ನೂರನೇ ಗೆಲುವಿಗೆ ಕೈಜೋಡಿಸಿದ ಎಲ್ಲರಿಗೂ

2025ರ ಸೆಪ್ಟೆಂಬರ್ 30ರಂದು ಟೋಕಿಯೊ ಡೋಮ್‌ನಲ್ಲಿ ಜಪಾನಿನ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಮಸಾಹಿರೊ ತನಕಾ ಅವರು ಚುನಿಚಿ ಡ್ರ್ಯಾಗನ್ಸ್ ತಂಡದ ವಿರುದ್ಧ ಆರು ಇನಿಂಗ್ಸ್ ಎಸೆದರು, ಎರಡು ರನ್ ಕೊಟ್ಟರು, ತಮ್ಮ ಇನ್ನೂರನೇ ಗೆಲುವು ಪಡೆದರು. ಜಪಾನಿನಲ್ಲಿ 122, ಅಮೆರಿಕದಲ್ಲಿ 78. ಎರಡೂ ಕಡೆಯ ಲೆಕ್ಕ ಸೇರಿಸಿ ಇನ್ನೂರು ಮುಟ್ಟಿದವರು ಅವರಿಗಿಂತ ಮೊದಲು ಮೂವರೇ: ಹಿದೆಯೊ ನೊಮೊ, ಹಿರೊಕಿ ಕುರೊಡಾ, ಯು ಡಾರ್ವಿಶ್. ಜಪಾನಿನ ಲೀಗ್‌ ಒಂದರಲ್ಲೇ ಇನ್ನೂರು ಗೆದ್ದವರನ್ನು ಹುಡುಕಹೊರಟರೆ 2008ಕ್ಕೆ, ಮಸಾಹಿರೊ ಯಮಮೊಟೊ ಅವರ ತನಕ ಹಿಂದೆ ಹೋಗಬೇಕು.

ಈ ಆಟವನ್ನು ದೂರದಿಂದ ನೋಡುತ್ತ ಬಂದ ಕನ್ನಡಿಗರ ಪರವಾಗಿ ತನಕಾ ಅವರಿಗೆ ಹೃತ್ಪೂರ್ವಕ ಧನ್ಯವಾದ. ಅವರೊಬ್ಬರಿಗೆ ಹೇಳಿ ನಿಲ್ಲಿಸಿದರೆ ಮಾತ್ರ ಅರ್ಧ ಹೇಳಿದಂತೆ. ಕ್ರಿಕೆಟ್‌ನಲ್ಲಿ ಗೆಲುವು ತಂಡದ ಹೆಸರಿನಲ್ಲಿರುತ್ತದೆ, ಬೌಲರ್‌ಗೆ ವಿಕೆಟ್ ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಗೆಲುವನ್ನೇ ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ, ಆದರೆ ಅದನ್ನು ಒಬ್ಬರೇ ಗಳಿಸುವ ದಾರಿಯೇ ಇಲ್ಲ. ಪಂದ್ಯ ಶುರುಮಾಡಿದ ಪಿಚರ್ ಒಂಬತ್ತು ಇನಿಂಗ್ಸ್‌ನಲ್ಲಿ ಕನಿಷ್ಠ ಐದನ್ನು ಪೂರೈಸಿರಬೇಕು. ಅವರು ಇಳಿದುಹೋಗುವಾಗ ತಂಡ ಮುಂದಿರಬೇಕು. ಆಮೇಲೆ ಬಂದವರು ಆ ಮುನ್ನಡೆಯನ್ನು ಒಂದು ಕ್ಷಣವೂ ಬಿಟ್ಟುಕೊಡಬಾರದು. ಎಂಟನೇ ಇನಿಂಗ್ಸ್‌ನಲ್ಲಿ ಸ್ಕೋರು ಸಮವಾಗಿ, ಒಂಬತ್ತರಲ್ಲಿ ತಂಡ ಮತ್ತೆ ಗೆದ್ದರೂ ಮೊದಲು ಎಸೆದವರ ಖಾತೆಗೆ ಏನೂ ಬರುವುದಿಲ್ಲ.

ತನಕಾ ಅವರ ಅಂಕಿಗಳಲ್ಲೇ ಇದಕ್ಕೆ ಸಾಕ್ಷಿಯಿದೆ. 2011ರಲ್ಲಿ ಒಂಬತ್ತು ಇನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್ನಿನ ಸರಾಸರಿ 1.27. 2013ರಲ್ಲೂ 1.27. ಮೊದಲ ವರ್ಷ 19 ಗೆಲುವು, 5 ಸೋಲು. ಎರಡನೆಯ ವರ್ಷ 24 ಗೆಲುವು, ಒಂದೂ ಸೋಲಿಲ್ಲ. (2011ರಲ್ಲಿ ಬಳಸಿದ್ದು ಪುಟಿತ ಕಡಿಮೆಯಿದ್ದ ಹೊಸ ಚೆಂಡು, 2013ರಲ್ಲಿ ಅದು ಮತ್ತೆ ದೂರ ಹಾರುತ್ತಿತ್ತು. ಹಾಗಾಗಿ ಎರಡನೆಯ 1.27 ಹೆಚ್ಚು ತೂಕದ್ದು ಎಂದೇ ನಮ್ಮ ಎಣಿಕೆ.) 2021ರಲ್ಲಿ ಅಮೆರಿಕದಿಂದ ಮರಳಿದಾಗ ಸರಾಸರಿ 3.01, ಯಾವ ತಂಡವೂ ಸಂತೋಷದಿಂದ ಒಪ್ಪುವ ಅಂಕಿ. ಆ ವರ್ಷ ಸಿಕ್ಕಿದ್ದು 4 ಗೆಲುವು, 9 ಸೋಲು. ಅವರು ಎಸೆದ ದಿನಗಳಲ್ಲಿ ತಂಡಕ್ಕೆ ರನ್ ಬರಲಿಲ್ಲ, ಅಷ್ಟೆ. ಆದ್ದರಿಂದ 2013ರಲ್ಲಿ ಅವರ ತಂಡವಾಗಿದ್ದ ರಾಕುಟೆನ್ ಈಗಲ್ಸ್‌ನ ಬ್ಯಾಟರ್‌ಗಳಿಗೆ, ಅದರಲ್ಲೂ ತಲಾ ಇಪ್ಪತ್ತು ದಾಟಿ ಹೋಮ್ ರನ್ (ಗೋಡೆ ದಾಟುವ ಹೊಡೆತ) ಹೊಡೆದ ಆಂಡ್ರೂ ಜೋನ್ಸ್ ಮತ್ತು ಕೇಸಿ ಮೆಗೀ ಅವರಿಗೆ ಮೊದಲ ಧನ್ಯವಾದ.

ಎರಡನೆಯದು, ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆತ ಹಿಡಿಯುವ ಕ್ಯಾಚರ್ ಮೊತೊಹಿರೊ ಶಿಮಾ ಅವರಿಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತನಕಾ ಅವರ ಬದುಕನ್ನು ಕಟ್ಟಿದ ಎಸೆತ ಸ್ಪ್ಲಿಟರ್, ಮತ್ತು ಸ್ಪ್ಲಿಟರ್ ನಿಲ್ಲುವುದು ಕ್ಯಾಚರ್ ಮೇಲಿನ ನಂಬಿಕೆಯ ಮೇಲೆ.

ತೋರುಬೆರಳು ಮತ್ತು ನಡುಬೆರಳನ್ನು ಅಗಲಿಸಿ, ಚೆಂಡಿನ ಹೊಲಿಗೆಯ ಹೊರಬದಿಗೆ ಇಟ್ಟು, ಹೆಬ್ಬೆರಳನ್ನು ಕೆಳಗೆ ಆನಿಸಿ ಹಿಡಿಯುತ್ತಾರೆ. ಕೈ ಬೀಸುವ ವೇಗ ಫಾಸ್ಟ್‌ಬಾಲ್‌ನಷ್ಟೇ (ಪಿಚರ್‌ನ ಅತಿ ವೇಗದ ನೇರ ಎಸೆತ) ಇರಬೇಕು. ಅದು ಒಂಚೂರು ತಗ್ಗಿದರೂ ಬ್ಯಾಟರ್ ಕಂಡುಹಿಡಿಯುತ್ತಾನೆ. ಫಾಸ್ಟ್‌ಬಾಲ್ ಬೆರಳ ತುದಿಯಿಂದ ಬಿಡುವಾಗ ಜೋರಾಗಿ ಹಿಮ್ಮುಖ ಸುತ್ತುತ್ತದೆ, ಆ ಸುತ್ತಿಗೆ ಗಾಳಿ ಚೆಂಡನ್ನು ತುಸು ಎತ್ತಿಹಿಡಿಯುತ್ತದೆ. ಸ್ಪ್ಲಿಟರ್ ಅಗಲಿಸಿದ ಬೆರಳುಗಳ ನಡುವಿನಿಂದ ಜಾರುವುದರಿಂದ ಸುತ್ತು ಕಡಿಮೆ, ಎತ್ತಿಹಿಡಿಯುವ ಬಲವೂ ಕಡಿಮೆ, ವೇಗವೂ ಕೆಲವು ಕಿಲೊಮೀಟರ್ ಇಳಿದಿರುತ್ತದೆ. ಪಿಚರ್‌ನಿಂದ ಬ್ಯಾಟರ್‌ಗೆ 18.44 ಮೀಟರ್. ಚೆಂಡು ಆ ದೂರ ದಾಟಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಬ್ಯಾಟರ್ ಮೊಣಕಾಲಿನ ಎತ್ತರದ ಸ್ಟ್ರೈಕ್ (ಹೊಡೆಯುವ ಎತ್ತರದೊಳಗಿನ ಸರಿಯಾದ ಎಸೆತ) ಎಂದುಕೊಂಡು ಬೀಸಿದ ಚೆಂಡು ಅವನ ಬ್ಯಾಟಿನ ಕೆಳಗೆ ಹಾದು ಮಣ್ಣಿಗೆ ಬೀಳುತ್ತದೆ.

ಕೆಡುವುದು ಎರಡು ರೀತಿ. ಬೆರಳು ಸಾಕಷ್ಟು ಅಗಲದಿದ್ದರೆ, ಅಥವಾ ಬೀಳಬಹುದೆಂದು ಹೆದರಿ ಎತ್ತರಕ್ಕೆ ಬಿಟ್ಟರೆ, ಅದು ನಡು ಎತ್ತರದಲ್ಲಿ ಬರುವ ನಿಧಾನದ ಫಾಸ್ಟ್‌ಬಾಲ್ ಆಗುತ್ತದೆ. ಹೋಮ್ ರನ್ ಖಚಿತ ಎಂದರೂ ತಪ್ಪಿಲ್ಲ. ಚೆನ್ನಾಗಿ ಬಿದ್ದರೆ ಇನ್ನೊಂದು ಅಪಾಯ: ಮಣ್ಣಿಗೆ ಬಿದ್ದ ಚೆಂಡು ಹಿಂದೆ ಹೋದರೆ ಓಟದ ಕೊನೆಯ ತಾಣವಾದ ಮೂರನೇ ಬೇಸ್‌ನಲ್ಲಿರುವ ಓಟಗಾರ ಮನೆ ಸೇರಿ ರನ್ ಗಳಿಸುತ್ತಾನೆ. ಮೂರನೇ ಸ್ಟ್ರೈಕ್ ಕೈತಪ್ಪಿ, ಮೊದಲ ಬೇಸ್ ಖಾಲಿಯಿದ್ದರೆ ಔಟಾಗಬೇಕಾದ ಬ್ಯಾಟರ್ ಕೂಡ ಓಡಬಹುದು. ಇದನ್ನು ತಡೆಯಲು ಕ್ಯಾಚರ್ ಚೆಂಡನ್ನು ಹಿಡಿಯುವ ಆಸೆ ಬಿಡಬೇಕು. ಎರಡೂ ಮಂಡಿ ನೆಲಕ್ಕೆ ಊರಿ, ಗ್ಲೋವಿನಿಂದ ಕಾಲುಗಳ ನಡುವಿನ ಸಂದು ಮುಚ್ಚಿ, ಗದ್ದ ಎದೆಗೆ ಒತ್ತಿ, ಭುಜ ಮುಂದಕ್ಕೆ ಬಾಗಿಸಿ, ಎದೆಗೆ ಬಡಿದ ಚೆಂಡು ತನ್ನ ಮುಂದೆಯೇ ಬೀಳುವಂತೆ ನೋಡಿಕೊಳ್ಳಬೇಕು. ಪಂದ್ಯಕ್ಕೆ ಎಷ್ಟೋ ಸಲ ಹೀಗೆ ಮೈಯೊಡ್ಡುವವರು ಹಿಂದೆ ಇದ್ದಾರೆಂದು ಗೊತ್ತಿದ್ದರೆ ಮಾತ್ರ ಪಿಚರ್ ಧೈರ್ಯವಾಗಿ ಮಣ್ಣಿಗೆ ಎಸೆಯುತ್ತಾನೆ. ಶಿಮಾ ಅವರು ತನಕಾ ಅವರೊಂದಿಗೆ 2007ರಲ್ಲೇ ರಾಕುಟೆನ್ ತಂಡದ ಊರಾದ ಸೆಂಡೈಗೆ ಬಂದ ಹೊಸಬರು. 2013ರ ಆ ಸೋಲಿಲ್ಲದ ವರ್ಷಕ್ಕೆ ಮೈಯೊಡ್ಡಿದ್ದು ಅವರು. ಆ ವರ್ಷ ತನಕಾ ಅವರ ಇನಿಂಗ್ಸ್ ಲೆಕ್ಕ 212, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) 183, ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಮೊದಲ ಬೇಸ್‌ಗೆ ನಡೆಸಿ ಕಳಿಸಿದ್ದು 32 ಬ್ಯಾಟರ್‌ಗಳನ್ನು ಮಾತ್ರ.

ಅದೇ ವರ್ಷದ ಜಪಾನ್ ಸೀರೀಸ್ (ಚಾಂಪಿಯನ್ ತಂಡವನ್ನು ತೀರ್ಮಾನಿಸುವ ಏಳು ಪಂದ್ಯಗಳವರೆಗಿನ ಅಂತಿಮ ಸರಣಿ) ಬಗ್ಗೆ ಹೇಳದಿದ್ದರೆ ಋಣ ತೀರುವುದಿಲ್ಲ. ನವೆಂಬರ್ 2ರ ಆರನೇ ಪಂದ್ಯದಲ್ಲಿ ಯೊಮಿಯುರಿ ಜಯಂಟ್ಸ್ ವಿರುದ್ಧ ತನಕಾ 160 ಎಸೆತ ಎಸೆದು ಸೋತರು. ಇಡೀ ವರ್ಷದ ಅವರ ಒಂದೇ ಸೋಲು ಅದು. ಮರುದಿನ ಏಳನೇ ಪಂದ್ಯ. ಮನಾಬು ಮಿಮಾ ಆರು ಇನಿಂಗ್ಸ್, ತಕಾಹಿರೊ ನೊರಿಮೊಟೊ ಎರಡು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದ ಮೇಲೆ, ಒಂಬತ್ತನೆಯದಕ್ಕೆ ಮ್ಯಾನೇಜರ್ ಸೆನಿಚಿ ಹೊಶಿನೊ ಅವರು ತನಕಾ ಅವರನ್ನೇ ಕಳಿಸಿದರು. 15 ಎಸೆತ, 3-0, ಕೊನೆಯ ಔಟ್ ಸ್ಪ್ಲಿಟರ್‌ಗೆ. 2005ರಲ್ಲಿ 97 ಪಂದ್ಯ ಸೋತು ಲೀಗಿಗೆ ಕಾಲಿಟ್ಟ ತಂಡ, 2011ರ ಭೂಕಂಪ-ಸುನಾಮಿಯಲ್ಲಿ ನಲುಗಿದ ತೊಹೊಕು ಪ್ರಾಂತ್ಯದ ತಂಡ, ಮೊದಲ ಬಾರಿಗೆ ಚಾಂಪಿಯನ್ ಆಯಿತು. 160ರ ಮರುದಿನ ಮತ್ತೆ ಎಸೆಸುವುದನ್ನು ಇವತ್ತಿನ ಯಾವ ವೈದ್ಯರೂ ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ತನಕಾ ಅವರು ಅಂದು ಸೆಂಡೈ ಊರಿಗೆ ಕೊಟ್ಟದ್ದನ್ನು ಅಷ್ಟಕ್ಕೆ ಕಡಿಮೆ ಅನ್ನಲೂ ಆಗುವುದಿಲ್ಲ. ಆ ಸಂಜೆಯ ಶ್ರೇಯದಲ್ಲಿ ದೊಡ್ಡ ಪಾಲು ಮಿಮಾ ಮತ್ತು ನೊರಿಮೊಟೊ ಅವರದು. ಅವರಿಗೆ ವಿಶೇಷ ವಂದನೆ.

2014ರ ಜನವರಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಜೊತೆ ಏಳು ವರ್ಷಕ್ಕೆ 15.5 ಕೋಟಿ ಡಾಲರ್ ಒಪ್ಪಂದ. ಅಲ್ಲಿ ಚೆಂಡೇ ಬೇರೆ. ಜಪಾನಿನ ಚೆಂಡು ಬೆರಳಿಗೆ ಅಂಟುವಂಥದ್ದು, ಅಳತೆಯಲ್ಲಿ ಕೊಂಚ ಸಣ್ಣದು. ಅಮೆರಿಕದ್ದು ಜಾರುತ್ತದೆ, ಪಂದ್ಯಕ್ಕೆ ಮುಂಚೆ ಕೆಸರು ಸವರಿ ಹೊಳಪು ತೆಗೆದರೂ ಜಾರುತ್ತದೆ. ಜಾರುವ ಚೆಂಡನ್ನು ಅಗಲ ಬೆರಳಲ್ಲಿ ಹಿಡಿಯಲು ಹೆಚ್ಚು ಬಿಗಿ ಬೇಕು. ಮೇಲಾಗಿ ಜಪಾನಿನಲ್ಲಿ ವಾರಕ್ಕೊಮ್ಮೆ ಎಸೆದರೆ, ಅಲ್ಲಿ ನಾಲ್ಕೈದು ದಿನ ಬಿಡುವು ಮುಗಿಯುತ್ತಲೇ ಮತ್ತೆ ಸರದಿ. ಜುಲೈ ಹೊತ್ತಿಗೆ 12 ಗೆಲುವು, 4 ಸೋಲು; ಆಗ ಬಲ ಮೊಣಕೈಯ ಒಳಬದಿಯ ಲಿಗಮೆಂಟ್ ಭಾಗಶಃ ಹರಿಯಿತು.

ಆ ಲಿಗಮೆಂಟ್ ಮುಂಗೈ ಮೂಳೆಯನ್ನು ತೋಳಿನ ಮೂಳೆಗೆ ಒಳಬದಿಯಲ್ಲಿ ಕಟ್ಟಿಹಾಕುವ ಪಟ್ಟಿ. ತೋಳು ಹಿಂದಕ್ಕೆ ಪೂರ್ತಿ ಬಾಗಿ ಮುಂದಕ್ಕೆ ತಿರುಗುವ ಗಳಿಗೆಯಲ್ಲಿ ಎಳೆತವೆಲ್ಲ ಅದರ ಮೇಲೆ. ಪೂರ್ತಿ ಹರಿದರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಕಸಿ ಮಾಡುವುದೇ ದಾರಿ, ಮತ್ತೆ ಎಸೆಯಲು ಒಂದು ವರ್ಷಕ್ಕಿಂತ ಹೆಚ್ಚು. ತನಕಾ ಅವರನ್ನು ನೋಡಿದ ತಜ್ಞರು ಹರಿದದ್ದು ಸಣ್ಣದಾಗಿ ಎಂದು ಕಂಡು ಕತ್ತರಿ ಬೇಡ ಎಂದರು. ಅದರ ಬದಲು ಅವರು ಆರಿಸಿದ್ದು: ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಬೇರ್ಪಡಿಸಿ ನೋವಿನ ಜಾಗಕ್ಕೆ ಚುಚ್ಚುವುದು. ಕೆಲವು ವಾರ ಚೆಂಡು ಮುಟ್ಟುವಂತಿಲ್ಲ. ಆಮೇಲೆ ಸಮತಟ್ಟು ನೆಲದಲ್ಲಿ ಹತ್ತಿರದ ಎಸೆತ, ದೂರದ ಎಸೆತ, ದಿಬ್ಬದ ಮೇಲಿನ ಎಸೆತ, ಬ್ಯಾಟರ್ ಎದುರು ಅಭ್ಯಾಸ. ನೋವು ಮರುಕಳಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಸೆಪ್ಟೆಂಬರ್ 21ರಂದು ಟೊರೊಂಟೊ ವಿರುದ್ಧ 70 ಎಸೆತಕ್ಕೆ ಮಿತಿಗೊಳಿಸಿ ಮರಳಿಸಿದರು, ತನಕಾ ಗೆದ್ದರು. ಆ ಮೊಣಕೈ ಒಂದೇ ವರ್ಷದಲ್ಲಿ ಮುರಿದುಬೀಳುತ್ತದೆ ಎಂದವರು ಬಹಳ. ಕಸಿ ಇಲ್ಲದೆ ಅದು ಯಾಂಕೀಸ್‌ಗೆ ಏಳು ವರ್ಷ ಪೂರ್ತಿ ಎಸೆಯಿತು. ಆ ವೈದ್ಯರಿಗೆ, ದಿನಾ ಭುಜ-ಮಣಿಕಟ್ಟು ಪರೀಕ್ಷಿಸಿದ ಟ್ರೈನರ್‌ಗಳಿಗೆ ಈ ಇನ್ನೂರರಲ್ಲಿ ದೊಡ್ಡ ಪಾಲು ಸಲ್ಲಬೇಕು. ತನಕಾ ಅವರೂ ಜಾಣತನದಿಂದ ಫಾಸ್ಟ್‌ಬಾಲ್ ಪಾಲು ಇಳಿಸಿ ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ), ಸ್ಪ್ಲಿಟರ್ ಹೆಚ್ಚಿಸಿದರು.

ಯಾಂಕೀಸ್‌ನ ಸಹ ಆಟಗಾರ ಏರನ್ ಜಡ್ಜ್ ಅವರಿಗೂ ಒಂದು ಮಾತು. 2017ರ ಅಕ್ಟೋಬರ್ 8ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಸೋತರೆ ಮನೆಗೆ ಎಂಬ ಪಂದ್ಯದಲ್ಲಿ ತನಕಾ ಏಳು ಇನಿಂಗ್ಸ್ ಶೂನ್ಯಕ್ಕೆ ಎಸೆದರು. ಫ್ರಾನ್ಸಿಸ್ಕೊ ಲಿಂಡೋರ್ ಹೊಡೆದ ಚೆಂಡು ಬಲಗಡೆಯ ಗೋಡೆ ದಾಟುತ್ತಿತ್ತು. ಎರಡು ಮೀಟರ್ ಎತ್ತರದ ಜಡ್ಜ್ ಜಿಗಿದು ಕಿತ್ತುಕೊಂಡರು. ಅಂತಿಮ ಸ್ಕೋರು 1-0. ಪ್ಲೇಆಫ್ ಗೆಲುವು ಇನ್ನೂರರ ಲೆಕ್ಕಕ್ಕೆ ಸೇರುವುದಿಲ್ಲ, ಆದರೂ ಇದನ್ನು ಬಿಟ್ಟು ತನಕಾ ಅವರ ಅಮೆರಿಕದ ವರ್ಷಗಳ ಬಗ್ಗೆ ಮಾತಾಡಲಾಗದು.

ಕೊನೆಯ ಮೂರು ಗೆಲುವು ಮೊದಲಿನ ಮೂವತ್ತಕ್ಕಿಂತ ಕಷ್ಟವಾದವು. 2023ರ ಆಗಸ್ಟ್‌ನಲ್ಲಿ 197. ಅದೇ ಅಕ್ಟೋಬರ್‌ನಲ್ಲಿ ಮೊಣಕೈ ಸ್ವಚ್ಛಗೊಳಿಸುವ ಶಸ್ತ್ರಚಿಕಿತ್ಸೆ. 2024ರಲ್ಲಿ ಮೊದಲ ತಂಡಕ್ಕೆ ಒಂದೇ ಪಂದ್ಯ, ಗೆಲುವಿಲ್ಲ. ರಾಕುಟೆನ್ ಬಿಟ್ಟು ಜಯಂಟ್ಸ್ ಸೇರಿದಾಗ ವಯಸ್ಸು 36. ಅಲ್ಲಿ ಕೋಚ್ ಯಾಸುವೊ ಕುಬೊ ಅವರು ಕೈಹಾಕಿದ್ದು ದೇಹ ತಿರುಗುವ ರೀತಿಗೆ: ಸೊಂಟ-ಭುಜ ಅಡ್ಡಕ್ಕೆ ತಿರುಗಿದರೆ ತೋಳು ಕೆಳಗಿಳಿದು ಬರುತ್ತದೆ, ಚೆಂಡು ಅಕ್ಕಪಕ್ಕ ಚದುರುತ್ತದೆ, ಸ್ಪ್ಲಿಟರ್ ಬೀಳುವುದಿಲ್ಲ. ಮೇಲಿನಿಂದ ಕೆಳಕ್ಕೆ ತಿರುಗುವಂತೆ ಕಲಿಸುವುದು ಅವರ ಪಾಠ. ಹದಿನೆಂಟು ವರ್ಷದ ರೂಢಿಯನ್ನು ಬಿಟ್ಟು ಕಲಿಯಲು ಒಪ್ಪಿದ ತನಕಾ, ಮತ್ತು ಕಲಿಸಲು ಹೊರಟ ಕುಬೊ, ಇಬ್ಬರಿಗೂ ನಮನ. 2025ರ ಏಪ್ರಿಲ್ 3ರಂದು ನಗೋಯಾದಲ್ಲಿ 198, 586 ದಿನಗಳ ನಂತರದ ಗೆಲುವು. ಆಮೇಲೆ ಹೊಡೆಸಿಕೊಂಡು ಎರಡನೇ ತಂಡಕ್ಕೆ ಇಳಿದರು, ಆಗಸ್ಟ್‌ನಲ್ಲಿ 199, ಇನ್ನೂರು ಮೊದಲ ಯತ್ನಕ್ಕೆ ಸಿಗಲೂ ಇಲ್ಲ. ಮ್ಯಾನೇಜರ್ ಶಿನ್ನೊಸುಕೆ ಅಬೆ ಅವರು ಮತ್ತೆ ಚೆಂಡು ಕೊಟ್ಟರು.

ಜಯಂಟ್ಸ್‌ನಲ್ಲಿ ಅವರ ಜೊತೆಗಿದ್ದವರು ಹಯಾಟೊ ಸಕಾಮೊಟೊ. ಇತಾಮಿ ಊರಿನ ಪ್ರಾಥಮಿಕ ಶಾಲೆಯ ದಿನಗಳಲ್ಲಿ ಇಬ್ಬರೂ ಒಂದೇ ಮಕ್ಕಳ ತಂಡ: ಸಕಾಮೊಟೊ ಪಿಚರ್, ತನಕಾ ಕ್ಯಾಚರ್. ಆ ತಂಡ ನಡೆಸಿದ ಊರಿನವರಿಗೆ, ಹಿಮದ ಮೇಲೆ ಮಕ್ಕಳನ್ನು ಅಭ್ಯಾಸ ಮಾಡಿಸಿದ ಹೊಕ್ಕೈಡೊದ ಕೊಮಜಾವಾ ತೊಮಕೊಮೈ ಶಾಲೆಯ ಕೋಚ್ ಯೊಶಿಫುಮಿ ಕೋಡಾ ಅವರಿಗೆ, 2009ರಿಂದ ರಾಕುಟೆನ್‌ನಲ್ಲಿ ಪಿಚಿಂಗ್ ಕಲಿಸಿದ ಯೊಶಿನೊರಿ ಸಾಟೊ ಅವರಿಗೆ ಧನ್ಯವಾದ. ಮತ್ತು ಸೆಪ್ಟೆಂಬರ್ 30ರಂದು ಆರು ಇನಿಂಗ್ಸ್ ಮುಗಿಸಿ ತನಕಾ ಕುಳಿತ ಮೇಲೆ ಏಳು, ಎಂಟು, ಒಂಬತ್ತನೆಯದನ್ನು ಎಸೆದು ಮುನ್ನಡೆ ಕಾದ ಜಯಂಟ್ಸ್ ಪಿಚರ್‌ಗಳಿಗೆ: ಇನ್ನೂರನೆಯದು ದಾಖಲೆಯಾದದ್ದು ನಿಮ್ಮ ಕೈಯಲ್ಲಿ. ನಿಮಗೆಲ್ಲ ವಂದನೆಗಳು.